ಗಾಗಲ್ಸ್ ಹಾಕಿದವನ ಪಕ್ಕದಲ್ಲಿ ನಿಲ್ಲುವವ

ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು ಬೈಲು ಗದ್ದೆಗಳು ಖಾಲಿಯಾದವೆಂದರೆ, ಉಜಿರೆಯ ಆಸುಪಾಸಿನಲ್ಲಿ ಭಾನುವಾರ ಬೆಳಗ್ಗೆ ಒಂದು ಸದ್ದು ಕೇಳಿಸತೊಡಗುತ್ತದೆ. ಮದುವೆ ಮನೆಯಲ್ಲಿ ಫೋಟೋದವರು ಹಾರಿಸುವ ಡ್ರೋನಿನ ಸದ್ದು ನಮಗೀಗ ರೂಢಿಯಾಗಿದೆ. ಅದು ಒಂದೇ ಸಮನೆ ಗುಂಯ್‌ಗುಡುತ್ತ ಮೇಲೆ ನಿಂತಿರುತ್ತದೆ. ಇದು ಹಾಗಲ್ಲ. ಚೀರುತ್ತ ಬರುತ್ತದೆ, ಬಂದಷ್ಟೇ ಬೇಗ ತೋಟದ ಆಚೆ ಮಾಯವಾಗುತ್ತದೆ, ಮರುಕ್ಷಣ ತಲೆಕೆಳಗಾಗಿ ಇನ್ನೊಂದು ದಿಕ್ಕಿನಿಂದ ಎರಗುತ್ತದೆ. ಹಾರಿಸುವ ಹುಡುಗ ಆಕಾಶದ ಕಡೆ ನೋಡುವುದೇ ಇಲ್ಲ. ಗದ್ದೆಯ ಹುಣಿಯ ಮೇಲೆ ಕುಳಿತು, ಕಣ್ಣಿಗೆ ಗಾಗಲ್ಸ್ ಬಿಗಿದುಕೊಂಡು, ಎರಡು ಹೆಬ್ಬೆರಳಿನಲ್ಲಿ ರಿಮೋಟಿನ ಕಡ್ಡಿಗಳನ್ನು ಒಂದಿಷ್ಟೇ ಆಚೀಚೆ ಸರಿಸುತ್ತಿರುತ್ತಾನೆ. ಯಂತ್ರದ ಮೂತಿಯಲ್ಲಿರುವ ಪುಟ್ಟ ಕ್ಯಾಮೆರಾ ಕಂಡದ್ದೆಲ್ಲ ಆ ಕ್ಷಣವೇ ಅವನ ಗಾಗಲ್ಸಿನೊಳಗೆ ಮೂಡುತ್ತದೆ. ಯಂತ್ರದ ಒಳಗೇ ಕುಳಿತು ಹಾರಿದ ಹಾಗೆ ಅವನು ಹಾರಿಸುತ್ತಾನೆ. ಇದಕ್ಕೆ ಎಫ್‌ಪಿವಿ ಎನ್ನುತ್ತಾರೆ. ನಾಲ್ಕು ಪಂಖದ ಡ್ರೋನನ್ನೂ ಹೀಗೆ ಹಾರಿಸಬಹುದು, ಥರ್ಮಾಕೋಲಿನಂಥ ಹಗುರ ಫೋಮಿನಲ್ಲಿ ಮಾಡಿದ ರೆಕ್ಕೆಯ ಮಾದರಿ ವಿಮಾನವನ್ನೂ ಹೀಗೆಯೇ ಹಾರಿಸಬಹುದು.

ಇದೊಂದು ದೊಡ್ಡ ವಿದ್ಯೆ ಎಂದೇ ನಾನು ತಿಳಿದಿದ್ದೇನೆ. ಉಜಿರೆಯಲ್ಲಿ, ಮೂಡುಬಿದಿರೆಯ ಮಿಜಾರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಇವೆ, ವಿಮಾನ ವಿಜ್ಞಾನವನ್ನೇ ಓದುವ ಮಕ್ಕಳೂ ಇದ್ದಾರೆ. ಅವರಲ್ಲಿ ಕೆಲವರು ಬೆಸುಗೆ ಹಾಕುವುದನ್ನು, ಮೋಟಾರಿನ ಲೆಕ್ಕವನ್ನು, ಗಾಳಿಯ ಗುಣವನ್ನು ತರಗತಿಗಿಂತ ಹೆಚ್ಚಾಗಿ ಈ ಗದ್ದೆಗಳಲ್ಲೇ ಕಲಿಯುತ್ತಿದ್ದಾರೆ. ಅವರ ಉತ್ಸಾಹಕ್ಕೆ ತಣ್ಣೀರೆರಚುವುದಕ್ಕೆ ನಾನು ಬಂದವನಲ್ಲ. ಅವರು ಇನ್ನೂ ಹತ್ತು ವರ್ಷ ನೆಮ್ಮದಿಯಿಂದ ಹಾರಿಸಬೇಕು, ಊರಿನವರು ಅವರನ್ನು ಓಡಿಸುವಂತಾಗಬಾರದು ಎಂಬ ಆಸೆಯಿಂದ ಈ ಮಾತು ಆಡುತ್ತಿದ್ದೇನೆ.

ಮೊದಲು ಇದರ ಬಲ ಎಷ್ಟು ಎನ್ನುವುದು ತಿಳಿಯಬೇಕು. ಐದು ಇಂಚಿನ ಪಂಖಗಳಿರುವ ಸಾಮಾನ್ಯ ಎಫ್‌ಪಿವಿ ಡ್ರೋನ್ ಬ್ಯಾಟರಿ ಸೇರಿ ಸುಮಾರು 700 ಗ್ರಾಂ ತೂಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗ ಅದಕ್ಕೆ ಏನೇನೂ ಕಷ್ಟವಲ್ಲ. ಆ ವೇಗದಲ್ಲಿ ಅದು ಒಂದು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ನಮ್ಮ ಅಡಿಕೆ ತೋಟದಲ್ಲಿ ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ ಅಂತರವೆಂದು ಇಟ್ಟುಕೊಂಡರೆ, ನೀವು ಒಮ್ಮೆ ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಅದು ಎರಡು ಮೂರು ಸಾಲು ದಾಟಿರುತ್ತದೆ, ಸೆಕೆಂಡು ಮುಗಿಯುವಾಗ ಹತ್ತು ಸಾಲು. ಅಂಥ ಯಂತ್ರ ಒಬ್ಬ ಮನುಷ್ಯನಿಗೆ ಬಡಿದರೆ ಎಷ್ಟು ಪೆಟ್ಟು? ಒಂದೂವರೆ ಕಿಲೋ ತೂಕದ ತೆಂಗಿನಕಾಯಿ ಅರುವತ್ತು ಅಡಿ ಮೇಲಿನಿಂದ ನೆತ್ತಿಗೆ ಬಿದ್ದಷ್ಟು. ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ, ಎರಡರಲ್ಲಿಯೂ ಇರುವ ಶಕ್ತಿ ಹೆಚ್ಚುಕಡಿಮೆ ಒಂದೇ. ಕಾಯಿ ಬೀಳುವ ಮರದ ಬುಡದಲ್ಲಿ ಮಗುವನ್ನು ಆಡಲು ಬಿಡದ ನಾವು, ಈ ಯಂತ್ರ ಹಾರುವ ದಾರಿಯ ಬಗ್ಗೆ ಅಷ್ಟಾದರೂ ಎಚ್ಚರ ಇಟ್ಟುಕೊಳ್ಳಬೇಕಲ್ಲವೇ? ಕಾಯಿಗೆ ಪಂಖವಿಲ್ಲ, ಇದಕ್ಕೆ ನಾಲ್ಕಿವೆ, ಪ್ರತಿಯೊಂದೂ ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ.

ಈಗ ಗಾಗಲ್ಸಿನೊಳಗಿನ ಕಣ್ಣಿನ ಸಂಗತಿ. ವೇಗವಾಗಿ ಮುಂದಕ್ಕೆ ಹಾರುವಾಗ ಡ್ರೋನ್ ಮೂತಿ ಕೆಳಗೆ ಮಾಡಿಕೊಂಡು ಸಾಗುತ್ತದೆ. ಆಗ ಎದುರಿನ ದಾರಿ ನೇರವಾಗಿ ಕಾಣಲಿ ಎಂದು ಕ್ಯಾಮೆರಾವನ್ನು ಮೊದಲೇ ಮೇಲ್ಮುಖವಾಗಿ, ಇಪ್ಪತ್ತೈದು ಮೂವತ್ತು ಡಿಗ್ರಿ ಓರೆ ಮಾಡಿ ಕೂರಿಸಿರುತ್ತಾರೆ. ಹೀಗಾಗಿ ಯಂತ್ರ ನಿಧಾನವಾದರೆ, ನಿಂತರೆ, ಇಳಿಯತೊಡಗಿದರೆ ಹುಡುಗನಿಗೆ ಕಾಣುವುದು ಹೆಚ್ಚಾಗಿ ಆಕಾಶವೇ. ಯಂತ್ರದ ಕೆಳಗೆ ಏನಿದೆ, ಹಿಂದೆ ಯಾರು ಬಂದರು, ಮೇಲಿನಿಂದ ಗರುಡ ಎರಗುತ್ತಿದೆಯೇ, ಹೆಲಿಕಾಪ್ಟರಿನ ಸದ್ದು ಯಾವ ಕಡೆಯಿಂದ ಎನ್ನುವುದು ಅವನಿಗೆ ಗೊತ್ತಾಗುವುದಿಲ್ಲ. ತನ್ನ ಬೆನ್ನ ಹಿಂದೆಯೇ ನಾಲ್ಕು ಮಕ್ಕಳು ಬಂದು ನಿಂತದ್ದೂ ಅವನಿಗೆ ತಿಳಿಯುವುದಿಲ್ಲ.

ಆದ್ದರಿಂದ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಗಾಗಲ್ಸ್ ಹಾಕಿಕೊಂಡವನು ಒಬ್ಬನೇ ಹಾರಿಸಬಾರದು. ಅವನ ಪಕ್ಕದಲ್ಲಿ, ಬರಿಗಣ್ಣಿನಿಂದ ಯಂತ್ರವನ್ನೇ ನೋಡುತ್ತ ಇನ್ನೊಬ್ಬ ನಿಂತಿರಬೇಕು. ಹುಡುಗರು ಇವನನ್ನು ಸ್ಪಾಟರ್ ಎನ್ನುತ್ತಾರೆ. ಅಮೆರಿಕದಲ್ಲಿ, ಯುರೋಪಿನಲ್ಲಿ ಹವ್ಯಾಸಿಗಳ ಎಫ್‌ಪಿವಿಗೆ ಅನುಮತಿ ಇರುವುದೇ ಈ ಷರತ್ತಿನ ಮೇಲೆ. ಉಳಿದ ನಿಯಮಗಳಲ್ಲಿ ಮುಕ್ಕಾಲು ಪಾಲು ಈ ಒಂದರ ಬೆನ್ನಿಗೇ ಬರುತ್ತವೆ.

ಸ್ಪಾಟರ್ ಎಂದರೆ ಜೊತೆಗೆ ಬಂದ ಗೆಳೆಯ ಎಂದಲ್ಲ. ಅವನ ಕೈಯಲ್ಲಿ ಫೋನು ಇರಬಾರದು. ರೀಲ್ಸ್ ತೆಗೆಯುವ ಕೆಲಸ ಅವನದಲ್ಲ. ಎರಡನೆಯ ಗಾಗಲ್ಸ್ ಹಾಕಿಕೊಂಡು ಅದೇ ಚಿತ್ರ ನೋಡುತ್ತ ಖುಷಿಪಡುವ ಹಾಗೂ ಇಲ್ಲ. ಹಾಗೆ ಮಾಡಿದರೆ ಕುರುಡರು ಇಬ್ಬರಾದರು ಅಷ್ಟೇ. ಒಳ್ಳೆಯ ಜೋಡಿಯೊಂದು ಹಾರಿಸುವಾಗ ಮಾತು ಹೇಗಿರುತ್ತದೆಂದು ಕೇಳಿ:

"ಬಲಗಡೆ ತೋಡಿನ ಹತ್ರ ಒಬ್ರು ಅಜ್ಜ ಬರ್ತಿದ್ದಾರೆ ಮಾರಾಯ, ಎಡಕ್ಕೆ ತಿರುಗ್ಸು."

"ಎಷ್ಟು ದೂರ?"

"ಐವತ್ತು ಮೀಟರ್. ಇಳಿಸಿಯೇ ಬಿಡು, ಅವ್ರು ದಾಟಿ ಹೋಗ್ಲಿ."

"ಇಳಿಸಿದೆ. ಡಿಸಾರ್ಮ್."

ಇಷ್ಟೇ. 'ಇಳಿಸು' ಎಂದ ಮೇಲೆ ಯಾಕೆ ಏನು ಎಂಬ ಚರ್ಚೆಯಿಲ್ಲ. ಗಾಗಲ್ಸ್ ಹಾಕಿದವನು ಸೀನಿಯರ್ ಇರಲಿ, ಯಂತ್ರಕ್ಕೆ ನಲುವತ್ತು ಸಾವಿರ ಸುರಿದವನೇ ಇರಲಿ, ಪಕ್ಕದಲ್ಲಿ ನಿಂತ ಎರಡನೇ ವರ್ಷದ ಹುಡುಗ ಇಳಿಸು ಎಂದರೆ ಇಳಿಸಬೇಕು. ಅಜ್ಜ ಸಾವಕಾಶವಾಗಿ ಹುಣಿ ದಾಟಿ ಹೋಗುತ್ತಾರೆ, "ಎಂತದ್ದು ಮಕ್ಕಳೇ ಇದು?" ಎಂದು ಕೇಳುತ್ತಾರೆ, ಹುಡುಗರು ಗಾಗಲ್ಸ್ ತೆಗೆದು ತೋರಿಸುತ್ತಾರೆ. ಮುಂದಿನ ಭಾನುವಾರ ಆ ಗದ್ದೆಗೆ ಬರಲು ಅದಕ್ಕಿಂತ ದೊಡ್ಡ ಪರವಾನಗಿ ಬೇಕಾಗುವುದಿಲ್ಲ.

ಕಾಗದದ ಮೇಲಿನ ಪರವಾನಗಿಯ ಮಾತೂ ಇದೆ. 2014ರ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಂದು ಪ್ರಕಟಣೆ ಹೊರಡಿಸಿ ಖಾಸಗಿಯವರು ಡ್ರೋನ್ ಹಾರಿಸುವುದನ್ನೇ ತಡೆದಿತ್ತು. 2018ರ ಡಿಸೆಂಬರ್ 1ರಿಂದ ಮೊದಲ ನಿಯಮಾವಳಿ ಜಾರಿಗೆ ಬಂತು, ಆದರೆ ಅದು ಹವ್ಯಾಸಿಗಳ ಕೈಗೆಟುಕುವಂತಿರಲಿಲ್ಲ. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು ಬಾಗಿಲು ತೆರೆದವು. ಅವುಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸ್ಮಾಲ್. ತೋಟಕ್ಕೆ ಔಷಧಿ ಸಿಂಪಡಿಸುವ ಹೆಚ್ಚಿನ ಡ್ರೋನುಗಳು ಈ ಮೂರನೆಯ ಗುಂಪಿಗೆ ಸೇರುತ್ತವೆ. ಹಣಕ್ಕಾಗಿ ಅಲ್ಲದೆ ಹಾರಿಸುವ 2 ಕಿಲೋವರೆಗಿನ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ಅದೇ 700 ಗ್ರಾಂನ ಡ್ರೋನಿನಲ್ಲಿ ಮದುವೆಯದೋ ಗೃಹಪ್ರವೇಶದ್ದೋ ಚಿತ್ರ ತೆಗೆದು ದುಡ್ಡು ತೆಗೆದುಕೊಂಡರೆ ಸರ್ಟಿಫಿಕೇಟ್ ಬೇಕೇ ಬೇಕು. ಅದಕ್ಕೆ ವಯಸ್ಸು 18 ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ಡಿಜಿಸಿಎ ಒಪ್ಪಿದ ತರಬೇತಿ ಕೇಂದ್ರದಲ್ಲಿ ಕಲಿತಿರಬೇಕು. ನ್ಯಾನೋಗಿಂತ ದೊಡ್ಡದಕ್ಕೆ ಮೂರನೆಯವರ ಹಾನಿಗೆ ವಿಮೆಯೂ ಬೇಕು. ನಿಯಮ ಮುರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೆ.

ನಮ್ಮ ಹುಡುಗರಿಗೆ ಇದರಲ್ಲಿ ಮುಖ್ಯವಾದದ್ದು ಬೇರೆ ಒಂದಿದೆ. ಕಲಿಕೆ, ಸಂಶೋಧನೆ, ಪರೀಕ್ಷೆ, ಮನರಂಜನೆ ಇಷ್ಟಕ್ಕೇ ಬಳಸುವ 25 ಕಿಲೋ ಒಳಗಿನ ಯಂತ್ರಕ್ಕೆ ಆ ನಿಯಮಗಳಲ್ಲಿ 'ಮಾದರಿ' ಎಂಬ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾರೆ. ಕಾರ್ಖಾನೆಯ ಡ್ರೋನಿಗೆ ಬೇಕಾಗುವ ಟೈಪ್ ಸರ್ಟಿಫಿಕೇಟ್ ಇದಕ್ಕೆ ಬೇಡ. ಕೈಯಲ್ಲಿ ಕಟ್ಟಿದ ಡ್ರೋನನ್ನು ಹಾರಿಸಲು ಸಾಧ್ಯವಾಗುವುದು ಈ ವಿನಾಯಿತಿಯಿಂದಲೇ. ಆದರೆ ಅದೇ ವಾಕ್ಯದಲ್ಲಿ ಒಂದು ಕಟ್ಟುಪಾಡೂ ಸೇರಿದೆ: ಯಂತ್ರ ಕಣ್ಣಿಗೆ ನೇರವಾಗಿ ಕಾಣುವಷ್ಟು ದೂರದಲ್ಲೇ ಹಾರಬೇಕು. ಗಾಗಲ್ಸಿನಲ್ಲಿ ಕಾಣುವುದು ಕ್ಯಾಮೆರಾದ ಚಿತ್ರ, ಯಂತ್ರವಲ್ಲ. ಗಾಗಲ್ಸ್ ಹಾಕಿ ಒಬ್ಬನೇ ಗುಡ್ಡದ ಆಚೆಗೆ ಕಳಿಸಿದವನು ಆ ವಿನಾಯಿತಿಯ ಹೊರಗೆ ಹೋದ ಹಾಗೆಯೇ. ಸ್ಪಾಟರ್ ಇದ್ದರೆ, ಅವನ ಬರಿಗಣ್ಣಿಗೆ ಯಂತ್ರ ಕಾಣುವಷ್ಟರಲ್ಲೇ ಹಾರಿಸಿದರೆ, ನಿಯಮದ ಉದ್ದೇಶವೂ ಉಳಿಯುತ್ತದೆ, ಯಂತ್ರವೂ ಉಳಿಯುತ್ತದೆ.

ಕಣ್ಣಳತೆ ದಾಟಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಭಾರಿ ಬೆಂಕಿ ಬಿದ್ದಿತ್ತಷ್ಟೆ. ಕಡಲಿನಿಂದ ನೀರು ಮೊಗೆದು ಬೆಂಕಿಯ ಮೇಲೆ ಸುರಿಯುವ ವಿಮಾನಗಳು ಹಗಲಿಡೀ ಓಡಾಡುತ್ತಿದ್ದವು. 9ನೇ ತಾರೀಕು ಒಬ್ಬ ವ್ಯಕ್ತಿ ಬೆಂಕಿ ನೋಡುವ ಕುತೂಹಲಕ್ಕೆ ಒಂದು ಪಾರ್ಕಿಂಗ್ ಕಟ್ಟಡದ ಮೇಲಿನಿಂದ ಸಣ್ಣ ಡ್ರೋನ್ ಹಾರಿಸಿದ. ಎರಡೂವರೆ ಕಿಲೋಮೀಟರ್ ದೂರ ಹೋದ ಮೇಲೆ ಅದು ಅವನ ಕಣ್ಣಿಗೆ ಕಾಣದಾಯಿತು. ಕೆನಡಾದಿಂದ ನೆರವಿಗೆ ಬಂದಿದ್ದ ಅಗ್ನಿಶಾಮಕ ವಿಮಾನವೊಂದಕ್ಕೆ ಅದು ಬಡಿದು ರೆಕ್ಕೆಯಲ್ಲಿ ತೂತಾಯಿತು. ವಿಮಾನ ಸುರಕ್ಷಿತವಾಗಿ ಇಳಿಯಿತು, ಆದರೆ ಊರು ಉರಿಯುತ್ತಿದ್ದ ದಿನಗಳಲ್ಲೇ ಅದು ರಿಪೇರಿಗೆಂದು ನೆಲದ ಮೇಲೆ ನಿಲ್ಲಬೇಕಾಯಿತು. ಆ ಮನುಷ್ಯ ಕೆಟ್ಟವನೇನಲ್ಲ, ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಹಾರಿಸುವ ಮೊದಲು ನಕ್ಷೆ ನೋಡಲಿಲ್ಲ, ಹಾರಿಸುವಾಗ ಯಂತ್ರದ ಮೇಲೆ ಕಣ್ಣಿಡಲಿಲ್ಲ, ಅಷ್ಟೇ.

ನಮ್ಮಲ್ಲೂ ನಕ್ಷೆ ಇದೆ. ಕೇಂದ್ರ ಸರಕಾರದ ಡಿಜಿಟಲ್ ಸ್ಕೈ ತಾಣದಲ್ಲಿ ಇಡೀ ದೇಶವನ್ನು ಹಸಿರು, ಹಳದಿ, ಕೆಂಪು ಎಂದು ಬಣ್ಣ ಹಚ್ಚಿ ತೋರಿಸಿದ್ದಾರೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಯಾರ ಅನುಮತಿಯೂ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಮತ್ತು 12 ಕಿಲೋಮೀಟರ್ ನಡುವಿನ ಪಟ್ಟಿಯಲ್ಲಿ ಅದು 200 ಅಡಿಗೆ ಇಳಿಯುತ್ತದೆ. ಇನ್ನೂ ಹತ್ತಿರ ಹೋದರೆ ಕೇಳದೆ ಹಾರಿಸುವಂತೆಯೇ ಇಲ್ಲ. ಉಜಿರೆ, ಬೆಳ್ತಂಗಡಿ ಬಜ್ಪೆಯ ನಿಲ್ದಾಣದಿಂದ ಬಹಳ ದೂರ. ಬಂಟ್ವಾಳ, ಮೂಡುಬಿದಿರೆ ಪೇಟೆಗಳೂ ಆ 12 ಕಿಲೋಮೀಟರಿನ ಹೊರಗೇ ಬೀಳುತ್ತವೆ. ಆದರೆ ಮೂಡುಬಿದಿರೆಯ ಹುಡುಗ ಗುರುಪುರದ ನೆಂಟರ ಮನೆಗೆ ಹೋಗುವಾಗ ಬ್ಯಾಗಿನಲ್ಲಿ ಡ್ರೋನ್ ಇದ್ದರೆ, ಅಲ್ಲಿ ಲೆಕ್ಕ ಬೇರೆಯಾಗುತ್ತದೆ ಎನ್ನುವುದು ನೆನಪಿರಬೇಕು. ಮೊನ್ನೆ ನೋಡಿದ್ದೇನೆ ಎಂದು ಬಿಡಬಾರದು, ಆಯಾ ದಿನ ನೋಡಬೇಕು. ಏಕೆಂದರೆ ಬಣ್ಣ ಬದಲಾಗುತ್ತದೆ. ಪೊಲೀಸರು ಯಾವುದೇ ಜಾಗವನ್ನು 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. 2017ರ ಅಕ್ಟೋಬರ್ 29ರಂದು ಪ್ರಧಾನಿಯವರು ಧರ್ಮಸ್ಥಳಕ್ಕೆ, ಉಜಿರೆಗೆ ಬಂದದ್ದು ನಿಮಗೆಲ್ಲ ನೆನಪಿರಬಹುದು. ಅಂಥ ದಿನಗಳಲ್ಲಿ ಮಾತ್ರವಲ್ಲ, ಧರ್ಮಸ್ಥಳಕ್ಕೆ ಬರುವ ಗಣ್ಯರ ಹೆಲಿಕಾಪ್ಟರುಗಳು ಬೇರೆ ದಿನಗಳಲ್ಲೂ ಇಳಿಯುತ್ತವೆ. ಇಳಿಯುವ ಹೆಲಿಕಾಪ್ಟರಿಗೂ ನಮ್ಮ ಡ್ರೋನಿಗೂ ಆಕಾಶದ ಅದೇ ಕೆಳಗಿನ ಪದರವೇ ಬೇಕು. ರೆಕ್ಕೆಯ ಸದ್ದು ಕಿವಿಗೆ ಬಿದ್ದ ಕೂಡಲೇ, ಅದು ಎಲ್ಲಿದೆ ಎಂದು ಹುಡುಕುತ್ತ ಕೂರದೆ, ಸ್ಪಾಟರ್ ಇಳಿಸು ಎನ್ನಬೇಕು. ಮನುಷ್ಯರಿರುವ ವಿಮಾನಕ್ಕೆ ದಾರಿ ಬಿಡುವುದು ಡ್ರೋನಿನವನ ಕೆಲಸ.

ಇನ್ನು ಕಾಡು. ಚಾರ್ಮಾಡಿಯ ಮಂಜು, ಗಡಾಯಿಕಲ್ಲಿನ ನೆತ್ತಿ, ಘಟ್ಟದ ಅಂಚಿನ ಅಬ್ಬಿಗಳು ಎಫ್‌ಪಿವಿ ಹುಡುಗರ ಕಣ್ಣನ್ನು ಸೆಳೆಯದೆ ಇರುವುದಿಲ್ಲ. 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿದ ಆ ಕಡಿದಾದ ಬಂಡೆಯ ಮೈಗೆ ತಾಗಿದಂತೆ ಡ್ರೋನ್ ಇಳಿಸಿದರೆ ಎಂಥ ಚಿತ್ರ ಬರಬಹುದೆಂದು ನನಗೂ ಗೊತ್ತು. ಆದರೆ ಗಡಾಯಿಕಲ್ಲು ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಎತ್ತುವಂತಿಲ್ಲ. ನಕ್ಷೆಯಲ್ಲಿ ಹಸಿರು ಕಂಡರೂ ಇದು ಸತ್ಯ, ಏಕೆಂದರೆ ಆ ಬಣ್ಣ ಹೇಳುವುದು ವಿಮಾನ ಸಂಚಾರದ ಮಾತನ್ನು, ಕೆಳಗಿನ ನೆಲ ಯಾರದು ಎನ್ನುವುದನ್ನಲ್ಲ. ಬಂಡೆಯ ಬಿರುಕಿನಲ್ಲಿ ಗೂಡು ಕಟ್ಟಿದ ಹಕ್ಕಿಗೆ, ಮರಿಯ ಜೊತೆ ನಿಂತ ಆನೆಗೆ ಆ ಚೀರು ಸದ್ದು ಏನು ಮಾಡುತ್ತದೆಂದು ಯೋಚಿಸಿದರೆ ಅನುಮತಿಯ ಪ್ರಶ್ನೆಯೇ ಬೇಕಾಗುವುದಿಲ್ಲ. ಖಾಸಗಿ ಜಾಗವಾದರೂ ಅಷ್ಟೇ, ಗದ್ದೆಯ ಯಜಮಾನರನ್ನು ಕೇಳಿಯೇ ಹಾರಿಸಬೇಕು.

ಈಗ ನಮ್ಮ ನೆಲದ ವಿಶೇಷಕ್ಕೆ ಬರುತ್ತೇನೆ, ಯಾಕೆಂದರೆ ಪರದೇಶದ ಬಯಲಿನಲ್ಲಿ ಹಾರಿಸುವವರ ವೀಡಿಯೊ ನೋಡಿ ಕಲಿತವರು ಎಡವುವುದು ಇಲ್ಲೇ. ಚಿತ್ರ ಕಳಿಸುವ ಹೆಚ್ಚಿನ ಟ್ರಾನ್ಸ್‌ಮಿಟರುಗಳು 5.8 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಈ ಅಲೆಗಳು ನೇರ ದಾರಿಯಲ್ಲಿ ಚೆನ್ನಾಗಿ ಹೋಗುತ್ತವೆ, ಆದರೆ ನೀರು ತುಂಬಿದ ಹಸಿ ಎಲೆಗಳು ಅವನ್ನು ಹೀರಿಬಿಡುತ್ತವೆ. ಅಡಿಕೆ ತೋಟ, ಅದರ ಮೇಲೆ ಹಬ್ಬಿದ ಕರಿಮೆಣಸು, ನಡುವೆ ಬಾಳೆ, ಆಚೆ ರಬ್ಬರ್, ಹೀಗೆ ಒಂದರ ಹಿಂದೆ ಒಂದು ಹಸಿ ಗೋಡೆಗಳಿರುವ ಊರು ನಮ್ಮದು. ಬಯಲಿನಲ್ಲಿ ಒಂದು ಕಿಲೋಮೀಟರ್ ಹೋಗುವ ಚಿತ್ರ, ತೋಟದ ಹಿಂದೆ ನೂರು ಮೀಟರ್ ಸರಿಯುವುದರೊಳಗೆ ಕಲಕಿ ಹೋಗುತ್ತದೆ. ಹಳೆಯ ಅನಲಾಗ್ ಗಾಗಲ್ಸಿನಲ್ಲಿ ಮೊದಲು ಚುಕ್ಕೆ ಚುಕ್ಕೆಯಾಗಿ ಸೂಚನೆ ಕೊಡುತ್ತದೆ. ಡಿಜಿಟಲ್ ಆದರೆ ಕೊನೆಯವರೆಗೆ ಚೆನ್ನಾಗಿದ್ದು ಒಮ್ಮೆಲೇ ಹೆಪ್ಪುಗಟ್ಟಿದಂತೆ ನಿಲ್ಲುವುದೂ ಉಂಟು. ಚುಕ್ಕೆ ಕಂಡೊಡನೆ ಮಾಡಬೇಕಾದದ್ದು ಮೇಲೆ ಏರುವುದು, ಮರದ ತಲೆಯ ಮೇಲೆ ಬಂದರೆ ನೇರ ದಾರಿ ಮತ್ತೆ ಸಿಗುತ್ತದೆ. ಏನೂ ಕಾಣದಾದರೆ ಸ್ಪಾಟರಿನ ಮಾತಿನ ಮೇಲೆ ಇಳಿಸಬೇಕು, ಅವನಿಗೂ ಕಾಣದಾದರೆ ಮೋಟಾರ್ ನಿಲ್ಲಿಸಿ ಬೀಳಲು ಬಿಡಬೇಕು. ಬಿದ್ದು ಮುರಿದದ್ದನ್ನು ಕಟ್ಟಬಹುದು. ಇದೆಲ್ಲ ನೋಡಿದರೆ ಹಾರಿಸಲು ನಮ್ಮಲ್ಲಿ ಒಳ್ಳೆಯ ಜಾಗ ತೋಟದ ನಡುವಿನ ಗದ್ದೆಗಿಂತಲೂ ಪದವು. ಮುರಕಲ್ಲಿನ ಬೋಳು ಹಾಸು, ಅಲ್ಲಲ್ಲಿ ಕುರುಚಲು, ನಾಲ್ಕೂ ಕಡೆ ಕಣ್ಣಿಗೆ ತೆರಪು. ಹೊತ್ತು ಮಾತ್ರ ಬೆಳಗ್ಗಿನದೇ ಇರಲಿ, ನಡುಹಗಲು ಕಳೆದರೆ ಕಡಲ ಗಾಳಿ ಏಳುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಸಂಜೆಗೆ ಗುಡುಗು ಸಿಡಿಲು.

ತಂತಿಯ ವಿಷಯ ಒಂದನ್ನು ನಾನು ಒತ್ತಿ ಹೇಳಲೇಬೇಕು. ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿ ಡ್ರೋನಿನ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕಂಬ ಕಂಡರೆ ತಂತಿ ಇದೆ ಎಂದೇ ತಿಳಿಯಬೇಕು, ಅದಕ್ಕಾಗಿ ಹಾರಿಸುವ ಮೊದಲು ಇಬ್ಬರೂ ಒಂದು ಸುತ್ತು ನಡೆದು ಕಂಬಗಳ ಸಾಲನ್ನು ಗುರುತು ಮಾಡಿಕೊಳ್ಳಬೇಕು. ಅಷ್ಟಾಗಿಯೂ ಡ್ರೋನ್ ತಂತಿಗೆ ಸಿಕ್ಕಿಕೊಂಡಿತು ಎನ್ನಿ. ಆಗ ಹುಡುಗರ ಕಣ್ಣು ಮೊದಲು ಹೋಗುವುದು ತೋಟದ ಮನೆಯ ಗೋಡೆಗೆ ಒರಗಿಸಿಟ್ಟ ದೋಟಿಯ ಕಡೆಗೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಅಲ್ಯೂಮಿನಿಯಂ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ, ಈಚಿನ ಹಗುರವಾದ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ಹರಿಯುತ್ತದೆ. ಹೀಗೆ ದೋಟಿ ತಂತಿಗೆ ತಾಗಿ ಅಡಿಕೆ ಕೊಯ್ಯುವವರು ಜೀವ ಕಳಕೊಂಡ ಸುದ್ದಿಯನ್ನು ಈ ಜಿಲ್ಲೆಯವರು ಎಷ್ಟು ಸಲ ಓದಿಲ್ಲ! ಡ್ರೋನಿನ ಚೌಕಟ್ಟೂ ಅದೇ ಕಾರ್ಬನ್ನಿನದು. 1912ಕ್ಕೆ ಫೋನ್ ಮಾಡಿ ಮೆಸ್ಕಾಂನವರಿಗೆ ತಿಳಿಸಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿ ತೆಗೆಯುವವರೆಗೆ ಅದು ಅಲ್ಲೇ ತೂಗಾಡಲಿ. ಅಡಿಕೆ ಮರದ ಶಿರಿಯಲ್ಲಿ ಸಿಕ್ಕಿಕೊಂಡರೆ ಮರ ಹತ್ತಿ ಅಭ್ಯಾಸವಿರುವವರನ್ನೇ ಕರೆಯಬೇಕು, ಅವರು ಕೈಹಾಕುವ ಮೊದಲು ಕೆಳಗಿನಿಂದ ಡಿಸಾರ್ಮ್ ಆಗಿದೆಯೆಂದು ಖಚಿತ ಮಾಡಿಕೊಳ್ಳಬೇಕು.

ಡಿಸಾರ್ಮ್ ಎಂದೆನಲ್ಲ, ಅದು ಮೋಟಾರನ್ನು ಪೂರ್ತಿ ನಿಲ್ಲಿಸುವ ಸ್ವಿಚ್ಚು. ಕಣ್ಣು ಮುಚ್ಚಿದ್ದರೂ ಬೆರಳು ಅದಕ್ಕೆ ಹೋಗುವಷ್ಟು ಅಭ್ಯಾಸ ಬೇಕು. ರಿಮೋಟಿನ ಸಂಪರ್ಕ ತಪ್ಪಿದರೆ ಯಂತ್ರ ತಾನಾಗಿ ಏನು ಮಾಡಬೇಕು ಎಂಬುದನ್ನು ಮೊದಲೇ ಕಲಿಸಿಟ್ಟಿರಬೇಕು, ಇದು ಫೇಲ್‌ಸೇಫ್. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಪಂಖ ಕಳಚಿ, ಮೋಟಾರ್ ತಿರುಗಿಸಿ, ರಿಮೋಟ್ ಆಫ್ ಮಾಡಿ ನೋಡಿ. ಮೋಟಾರ್ ನಿಂತರೆ ಸರಿ. ತಿರುಗುತ್ತಲೇ ಇದ್ದರೆ ಆ ಯಂತ್ರ ಗದ್ದೆಗೆ ಹೋಗಲು ಯೋಗ್ಯವಲ್ಲ. ಜಿಪಿಎಸ್ ಇಟ್ಟು ತಾನಾಗಿ ಹಿಂದೆ ಬರುವಂತೆ ಮಾಡಿಕೊಂಡವರು, ಬರುವ ಎತ್ತರವನ್ನು ತೆಂಗು ಅಡಿಕೆಯ ತಲೆಗಿಂತ ಮೇಲೆ ಇಟ್ಟಿದ್ದಾರೆಯೇ ನೋಡಿಕೊಳ್ಳಬೇಕು. ಇಪ್ಪತ್ತು ಅಡಿಯಲ್ಲಿ ಮನೆಗೆ ಹೊರಟ ಡ್ರೋನ್ ನಮ್ಮೂರಿನಲ್ಲಿ ಮನೆ ಮುಟ್ಟುವುದಿಲ್ಲ. ಪಂಖ ಹಾಕುವುದು ಗದ್ದೆಗೆ ಹೋದ ಮೇಲೆಯೇ, ಮನೆಯ ಮೇಜಿನ ಮೇಲೆ ಎಂದೂ ಬೇಡ. 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನುಗಳ ಆಮದು ನಿಂತ ಮೇಲೆ, ಬಿಡಿಭಾಗ ತರಿಸಿ ಕೈಯಲ್ಲೇ ಕಟ್ಟುವವರು ಹೆಚ್ಚಾಗಿದ್ದಾರೆ. ಕಟ್ಟುವವನೇ ಕಂಪೆನಿ, ಅವನೇ ಪರೀಕ್ಷಕ. ಬೆಸುಗೆಯೊಂದು ಸಡಿಲಾದರೆ ನಡು ಆಕಾಶದಲ್ಲಿ ಒಂದು ಮೋಟಾರ್ ನಿಲ್ಲುತ್ತದೆ.

ಇಬ್ಬರು ಮೂವರು ಒಟ್ಟಿಗೆ ಹಾರಿಸುವಾಗ ಇನ್ನೊಂದು ಶಿಸ್ತು ಬೇಕು. ಒಬ್ಬನ ಯಂತ್ರ ಮೇಲಿರುವಾಗ ಇನ್ನೊಬ್ಬ ಹೇಳದೆ ಕೇಳದೆ ತನ್ನದಕ್ಕೆ ಬ್ಯಾಟರಿ ಚುಚ್ಚಿದರೆ, ಎರಡೂ ಒಂದೇ ಚಾನೆಲಿನಲ್ಲಿದ್ದರೆ, ಹಾರಿಸುವವನ ಗಾಗಲ್ಸಿನಲ್ಲಿ ಥಟ್ಟನೆ ಗದ್ದೆಯ ಮಣ್ಣು ಕಾಣಿಸುತ್ತದೆ. ಅದು ಪಕ್ಕದವನ ಕ್ಯಾಮೆರಾದ ಚಿತ್ರ. ತನ್ನದು ಎಲ್ಲಿ ಹಾರುತ್ತಿದೆ ಎನ್ನುವುದೇ ಅವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಬ್ಯಾಟರಿ ಹಾಕುವ ಮೊದಲು ಚಾನೆಲ್ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು, ಹಾರಿಸುವವನು ಹೂಂ ಎನ್ನಬೇಕು. ಹಾಗೆಯೇ ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ 5.8 ಗಿಗಾಹರ್ಟ್ಸ್ ಪಟ್ಟಿ 5875 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ರೇಸ್‌ಬ್ಯಾಂಡ್ ಎಂಬ ಚಾನೆಲುಗಳ ಗುಂಪಿನ ಕೊನೆಯ ಚಾನೆಲ್ 5917, ಅದು ಹೊರಗೆ ಬೀಳುತ್ತದೆ. ಪಾರ್ಸೆಲಿನಲ್ಲಿ ಬಂದ ವಸ್ತುವಿನಲ್ಲಿ ಆ ಚಾನೆಲ್ ಇದೆ ಎಂದ ಮಾತ್ರಕ್ಕೆ ಬಳಸಬಹುದು ಎಂದಲ್ಲ.

ಜನಸಂದಣಿಯ ಮಾತು. ಜಾತ್ರೆಯ ತೇರು, ಲಕ್ಷದೀಪೋತ್ಸವ, ಕಂಬಳ ಇವೆಲ್ಲ ಮೇಲಿನಿಂದ ನೋಡಲು ಚೆಂದವೇ. ಆದರೆ ಕೆಳಗೆ ಜನರಿರುವಾಗ ಡ್ರೋನ್ ಬಿದ್ದರೆ? 2015ರ ಡಿಸೆಂಬರ್ 22ರಂದು ಇಟಲಿಯಲ್ಲಿ ಹಿಮದ ಮೇಲೆ ಜಾರುವ ವಿಶ್ವಕಪ್ ಸ್ಪರ್ಧೆ ನಡೆಯುತ್ತಿದ್ದಾಗ, ಟಿ.ವಿ. ಪ್ರಸಾರಕ್ಕೆಂದೇ ಹಾರಿಸಿದ್ದ ದೊಡ್ಡ ಕ್ಯಾಮೆರಾ ಡ್ರೋನ್ ಮೇಲಿನಿಂದ ಬಿತ್ತು. ಆಸ್ಟ್ರಿಯಾದ ಮಾರ್ಸೆಲ್ ಹಿರ್ಷರ್ ಎಂಬ ಪ್ರಸಿದ್ಧ ಆಟಗಾರ ಆ ಜಾಗ ದಾಟಿದ ಮರುಕ್ಷಣ, ಅವರ ಬೆನ್ನ ಹಿಂದೆಯೇ ಅದು ನೆಲಕ್ಕೆ ಅಪ್ಪಳಿಸಿ ಚೂರಾಯಿತು. ಹಾರಿಸುತ್ತಿದ್ದವರು ಎಳಸು ಹುಡುಗರಲ್ಲ, ಕಸುಬುದಾರರು. ಮೂಡುಬಿದಿರೆಯ ಕಡಲಕೆರೆಯ ಕಂಬಳದಲ್ಲಿ ಕರೆಯ ಎರಡೂ ದಡದಲ್ಲಿ ಸಾವಿರಾರು ಜನ, ನಡುವೆ ಬೆದರಿದರೆ ಯಾರ ಮಾತನ್ನೂ ಕೇಳದ ಕೋಣಗಳು. ಸಂಘಟಕರು, ಪೊಲೀಸರು ಒಪ್ಪಿ ಜಾಗ ಗುರುತು ಮಾಡಿಕೊಟ್ಟವರು ಮಾತ್ರ, ಅದೂ ಜನರ ತಲೆಯ ಮೇಲೆ ಅಲ್ಲದೆ ಪಕ್ಕದಿಂದ, ಹಾರಿಸಲಿ. ಪಂಖಕ್ಕೆ ಮರೆಯಿಲ್ಲದ ಈ ಎಫ್‌ಪಿವಿ ಯಂತ್ರಗಳು ಅಲ್ಲಿಗೆ ಬೇಡವೇ ಬೇಡ. ಮನೆಯ ಅಂಗಳ, ಬಾವಿಕಟ್ಟೆ, ಹೊಳೆಯ ಸ್ನಾನಘಟ್ಟ ಇವುಗಳ ಮೇಲೆ ಕ್ಯಾಮೆರಾ ಹಾಯಿಸುವುದೂ ಸಲ್ಲದು. ಸ್ನಾನ ಮಾಡುವ ಹೆಂಗಸರ ಚಿತ್ರ ಹಿಡಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಅಪರಾಧ. ಹುಡುಗ ಆ ಉದ್ದೇಶದಿಂದ ಹಾರಿಸಿಲ್ಲ ಎಂದರೂ, ಅಂಗಳದಲ್ಲಿ ಅಡಿಕೆ ಒಣಗಿಸುತ್ತಿರುವ ಅಕ್ಕನಿಗೆ ಅದು ಹೇಗೆ ಗೊತ್ತಾಗಬೇಕು?

ಮನೆಯ ಹಿರಿಯರಿಗೆ ಬ್ಯಾಟರಿಯ ಬಗ್ಗೆ ನಾಲ್ಕು ಮಾತು. ಈ ಲಿಪೋ ಬ್ಯಾಟರಿಯ ಒಂದೊಂದು ಸೆಲ್ಲೂ ತುಂಬಿದಾಗ 4.2 ವೋಲ್ಟ್. 3.5ಕ್ಕೆ ಬಂದಾಗ ಇಳಿಸಬೇಕು, ಕೆಲವು ದಿನ ಬಳಸದಿದ್ದರೆ 3.8ರಲ್ಲಿ ಇಡಬೇಕು. ಬಿದ್ದು ಜಜ್ಜಿದ್ದನ್ನು, ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಚಾರ್ಜಿಗೆ ಹಾಕಿ ಮಲಗುವುದು, ಅಂಗಡಿಗೆ ಹೋಗುವುದು ಕೂಡದು. ನಮ್ಮ ಮನೆಗಳ ಅಟ್ಟದಲ್ಲಿ ಒಣ ಅಡಿಕೆಯ ಗೋಣಿ, ತೆಂಗಿನ ಸಿಪ್ಪೆ, ಹಳೆಯ ಕಾಗದ ಇರುತ್ತವೆ, ಅಲ್ಲಿ ಇದಕ್ಕೆ ಜಾಗ ಕೊಡಬೇಡಿ. ಜಗಲಿಯ ಸಿಮೆಂಟು ನೆಲದ ಮೇಲೆ, ಪಕ್ಕದಲ್ಲಿ ಒಂದು ಬಕೆಟ್ ಹೊಯ್ಗೆ ಇಟ್ಟುಕೊಂಡು ಚಾರ್ಜ್ ಮಾಡಲಿ. ಹೊಗೆ ಬಂದರೆ ಅದನ್ನು ಉಸಿರಾಡದೆ ದೂರ ಸರಿಯಬೇಕು.

ಮಳೆಗಾಲದ ನಾಲ್ಕು ತಿಂಗಳು ನಮ್ಮಲ್ಲಿ ಹೊರಗೆ ಹಾರಿಸಲು ಆಗುವುದಿಲ್ಲ. ಕಲಿಯಲು ಅದೇ ಸರಿಯಾದ ಕಾಲ. ರಿಮೋಟನ್ನು ಕಂಪ್ಯೂಟರಿಗೆ ಜೋಡಿಸಿ ಸಿಮ್ಯುಲೇಟರಿನಲ್ಲಿ ಎಷ್ಟು ಸಲ ಬೇಕಾದರೂ ಬೀಳಬಹುದು, ಯಾರಿಗೂ ಪೆಟ್ಟಾಗದು. ಪಂಖದ ಸುತ್ತ ಬಳೆಯಿರುವ, ಮೂವತ್ತು ಗ್ರಾಂ ತೂಗುವ ವೂಪ್ ಎಂಬ ಪುಟ್ಟ ಡ್ರೋನುಗಳನ್ನು ಚಾವಡಿಯೊಳಗೇ ಹಾರಿಸಬಹುದು. ಮಳೆ ಬಿಟ್ಟು ಗದ್ದೆಗೆ ಹೋಗುವಾಗ ಹೊಸಬನ ಕೈಗೆ ಕೂಡಲೇ ಗಾಗಲ್ಸ್ ಕೊಡಬೇಡಿ. ಮೊದಲ ಒಂದು ತಿಂಗಳು ಅವನು ಸ್ಪಾಟರಾಗಿ ನಿಲ್ಲಲಿ. ಗಾಳಿ ಹೇಗೆ ತಿರುಗುತ್ತದೆ, ಎಲ್ಲಿ ತಂತಿ ಇದೆ, ಎಷ್ಟು ದೂರ ಹೋದರೆ ಯಂತ್ರ ಚುಕ್ಕೆಯಾಗಿ ಕಾಣದಾಗುತ್ತದೆ ಎನ್ನುವುದು ಬರಿಗಣ್ಣಿಗೆ ಅಭ್ಯಾಸವಾದ ಮೇಲೆ ಅವನು ಗಾಗಲ್ಸ್ ಹಾಕಲಿ. ಉಜಿರೆಯ, ಮೂಡುಬಿದಿರೆಯ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ ಇದೆ. ಈ ಹುಡುಗರು ಕದ್ದುಮುಚ್ಚಿ ಎಲ್ಲೆಲ್ಲೋ ಹಾರಿಸುವ ಬದಲು, ತಿಂಗಳಿಗೆ ಎರಡು ಭಾನುವಾರ ಒಂದು ಆಟದ ಬಯಲನ್ನೋ ಒಪ್ಪಿಗೆ ಪಡೆದ ಒಂದು ಪದವಿನ ಜಾಗವನ್ನೋ ಅವರಿಗೆ ಬಿಟ್ಟುಕೊಡಿ. ಬಾಗಿಲಲ್ಲಿ ಒಂದು ಪುಸ್ತಕ ಇಡಿ. ಅದರಲ್ಲಿ ಹಾರಿಸುವವನ ಹೆಸರಿನ ಎದುರು ಸ್ಪಾಟರಿನ ಹೆಸರು ಬರೆಯಲು ಇನ್ನೊಂದು ಸಾಲು ಇರಲಿ, ಆ ಸಾಲು ಖಾಲಿ ಇದ್ದರೆ ಅಂದು ಅವನ ಬ್ಯಾಟರಿ ಚೀಲದಲ್ಲೇ ಉಳಿಯಲಿ.